ಅಂಟಿಕೊಳ್ಳಬಾರದು ಎಂದವರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ನನ್ನ ಹಳೆಯ ಸಾಹೇಬರಾದ ಇವರು ಸತ್ತಿಲ್ಲ, ನಿವೃತ್ತರಾಗಿದ್ದಾರೆ ಅಷ್ಟೆ. ಹಾಗಾಗಿ ನನಗೆ ಯಾವ ಅಡ್ಡಿಯೂ ಇಲ್ಲ.

ಕಳೆದ ತಿಂಗಳು ಅವರ ಬೀಳ್ಕೊಡುಗೆ ನಡೆಯಿತು. ಹಾರ, ಶಾಲು, ಫೋಟೋಗ್ರಾಫರ್ ಯಾವುದೂ ಇರಲಿಲ್ಲ. ಎಲ್ಲ ಕಂಪ್ಯೂಟರ್ ಪರದೆಯ ಮೇಲೆ. ಬೇರೆ ಬೇರೆ ದೇಶಗಳಲ್ಲಿ ಕೂತವರ ಮುಖಗಳು ಸಣ್ಣ ಸಣ್ಣ ಚೌಕಗಳಲ್ಲಿ. ನನ್ನನ್ನೂ ಕರೆದಿದ್ದರು. 'ಹಳಬರು ಅಂತ ನೀವೊಬ್ಬರೇ ಸಿಕ್ಕಿದ್ದು ಮೇಡಂ, ಎರಡು ಒಳ್ಳೆಯ ಮಾತಾಡಿ' ಎಂದು ಏರ್ಪಾಡು ಮಾಡಿದ್ದ ಹುಡುಗಿ ಕೇಳಿಕೊಂಡಳು. ಆಡಿದೆ. ಅವರ ದಣಿವರಿಯದ ಓಡಾಟದ ಬಗ್ಗೆ, ಮಕ್ಕಳ ಮೇಲಿನ ಕಾಳಜಿಯ ಬಗ್ಗೆ ಆಡಿದೆ. ಅವರು ಪರದೆಯ ಮೇಲೆ ಎದೆಗೆ ಕೈ ಇಟ್ಟುಕೊಂಡು ತಲೆ ಬಾಗಿಸಿದರು. ಆ ಕೈಯನ್ನು ಕಂಡದ್ದೇ ನನಗೆ ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು. ಅಂದು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯುದ್ಧ, ಭೂಕಂಪ, ನೆರೆ, ಅಪಘಾತ ಹೀಗೆ ಏನನ್ನಾದರೂ ಕಂಡು ಒಳಗೊಳಗೇ ಮುದುಡಿಹೋದ ಮಕ್ಕಳ ಮನಸ್ಸಿಗೆ ಆಸರೆಯಾಗುವುದು ನಮ್ಮ ಸಂಸ್ಥೆಯ ಕೆಲಸ. ಹಲವು ದೇಶಗಳಲ್ಲಿ ಅದರ ಕಾರ್ಯಕ್ರಮಗಳಿದ್ದವು. ಅವೆಲ್ಲಕ್ಕೂ ಸಂಯೋಜಕರು ಇವರು. ಹೊಸಪೇಟೆಯವರೇ, ಹಳೆಯ ವೈಷ್ಣವ ಮನೆತನ. ಜಗತ್ತೆಲ್ಲ ಸುತ್ತಿ ಬಂದ ಮೇಲೆ, ಎಲ್ಲಿ ಕೂತು ಮಾಡಿದರೂ ಅದೇ ಕೆಲಸ ಎಂದು ಊರಿನಲ್ಲೇ ಕಚೇರಿ ಮಾಡಿಕೊಂಡರು. ಜೊತೆಗೆ ಇಲ್ಲಿಯೂ ಒಂದು ಕಾರ್ಯಕ್ರಮ ಶುರುವಾಯಿತು. ಸಂಡೂರಿನ ಕಡೆ ಲಾರಿ, ಗಣಿ ಎಂದು ಅಪ್ಪಂದಿರನ್ನು ಕಳೆದುಕೊಂಡ ಮಕ್ಕಳು. ಕಂಪ್ಲಿಯ ಕಡೆ ಹೊಳೆ ಉಕ್ಕಿದಾಗಲೆಲ್ಲ ಮನೆ ಬಿಟ್ಟು ಶಾಲೆಯ ಕೋಣೆಗಳಲ್ಲಿ ಮಲಗುವ ಮಕ್ಕಳು. ಸಂಸ್ಥೆಯ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ತರುವುದು ಮತ್ತು ಹೊರಗಿನವರು ಬಂದಾಗ ನಡುವೆ ನಿಂತು ಮಾತು ದಾಟಿಸುವುದು ನನ್ನ ನೌಕರಿ.

ಬಾಡಿಗೆಯ ಮಹಡಿಯಲ್ಲಿ ಕಚೇರಿ. ಕೆಳಗೆ ಒಗ್ಗರಣಿ-ಮಿರ್ಚಿ ಅಂಗಡಿ. ಬೆಳಿಗ್ಗೆಯೇ ಮಂಡಕ್ಕಿಯ ಒಗ್ಗರಣೆ, ಕಾದ ಎಣ್ಣೆಯಲ್ಲಿ ಬೇಯುವ ಮೆಣಸಿನಕಾಯಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ನಮಗೆಲ್ಲ ಅದು ಹಬ್ಬ. ಅವರು ಮಾತ್ರ ಮೂಗು ಮುರಿದು ಕಿಟಕಿ ಮುಚ್ಚಿಸುತ್ತಿದ್ದರು. ಇದೇ ಬೀದಿಯಲ್ಲಿ ಆಡಿ ಬೆಳೆದವರು ಅವರು. ಮನೆಯಿಂದ ಬರುವಾಗ ಹಣೆಯ ಮೇಲೆ ಗೋಪೀಚಂದನ ಇರುತ್ತಿತ್ತು. ಹೊರದೇಶದವರ ಜೊತೆ ವಿಡಿಯೋ ಮಾತುಕತೆ ಇದ್ದ ದಿನ ಕರ್ಚೀಫು ಒದ್ದೆ ಮಾಡಿಕೊಂಡು ಒರೆಸಿಕೊಳ್ಳುತ್ತಿದ್ದರು. ಹಚ್ಚಿಕೊಳ್ಳುವುದಕ್ಕೂ ನನ್ನ ತಕರಾರಿಲ್ಲ, ಒರೆಸಿಕೊಳ್ಳುವುದಕ್ಕೂ ಇಲ್ಲ. ಆದರೆ ಒರೆಸಿಕೊಂಡು ಕೂತು, 'ಮಕ್ಕಳಿಗೆ ತಮ್ಮ ಬೇರುಗಳ ಬಗ್ಗೆ ನಾಚಿಕೆ ಇರಬಾರದು' ಎಂದು ಭಾಷಣ ಮಾಡುವವರನ್ನು ಏನೆನ್ನಬೇಕು?

ಮಗುವಿನ ಜೊತೆ ಮಾತಾಡುವಾಗ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂಬುದು ಅವರ ತರಬೇತಿಯ ಮೊದಲ ಪಾಠ. ಪಾಠ ಸರಿಯೇ. ಹಂಪಿಯ ಒಂದು ಶಾಲೆಯಲ್ಲಿ ಅದನ್ನು ನಮಗೆಲ್ಲ ಮಾಡಿ ತೋರಿಸಲು ಹೊರಟರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಒಬ್ಬ ಹುಡುಗನ ಮುಂದೆ ದೊಪ್ಪನೆ ಮಂಡಿಯೂರಿದರು. ಹುಡುಗ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನೋಡಿದ. ಆಮೇಲೆ ತಾನೂ ಕೂತು ನೆಲ ತಡಕತೊಡಗಿದ. 'ಸರ್ರು ಏನೋ ಕಳಕೊಂಡಾರ, ಬರ್ರಲೇ!' ಎಂದು ಕೂಗಿದ್ದೇ ತಡ, ಇಡೀ ತರಗತಿ ಬೆಂಚಿನಡಿ ತೂರಿತು. ಇವರು ನಡುವೆ ಕೂತು, 'ಏನೂ ಕಳಕೊಂಡಿಲ್ರಪ, ಏನೂ ಇಲ್ಲ' ಎನ್ನುತ್ತಿದ್ದರೂ ಕೇಳುವವರಿಲ್ಲ. ಕೊನೆಗೆ ಏಳಲಾಗದೆ ಡ್ರೈವರನ ಭುಜ ಹಿಡಿದು ಎದ್ದರು. ನಾವು ನಕ್ಕೆವು. ಅವರೂ ನಕ್ಕಿದ್ದರೆ ಅವತ್ತಿನಿಂದ ನನಗೆ ಅವರು ಇಷ್ಟವಾಗಿಬಿಡುತ್ತಿದ್ದರು. ಅವರು ಶಾಲೆಯ ಹೆಡ್ಮಾಸ್ತರರನ್ನು ಕರೆದು, ಇಲ್ಲಿಯ ಮಕ್ಕಳನ್ನು ಗೌರವದಿಂದ ನಡೆಸಿಕೊಂಡು ನಿಮಗೆ ಅಭ್ಯಾಸವೇ ಇಲ್ಲ ಎಂದು ಗದರಿದರು.

ಇದಿಷ್ಟೇ ಆಗಿದ್ದರೆ ತಮಾಷೆಯ ಮನುಷ್ಯ ಎಂದು ಬಿಟ್ಟುಬಿಡಬಹುದಿತ್ತು. ಅವರನ್ನು ನಾನು ಕ್ಷಮಿಸದಿರುವುದು ಹುಲಿಗೆಮ್ಮನ ಕಾರಣಕ್ಕೆ.

ಸಂಡೂರಿನ ಕಡೆಯ ವಡ್ಡು ಎಂಬ ಹಳ್ಳಿಯಲ್ಲಿ ಈ ಹುಡುಗಿ ಇದ್ದಳು, ಮೂರನೇ ತರಗತಿ. ಅಪ್ಪ ಅದಿರು ಲಾರಿಯ ಡ್ರೈವರ್. ಒಂದು ದಿನ ಬೆಳಿಗ್ಗೆ ಹೋದವನು ಘಾಟಿನ ತಿರುವಿನಲ್ಲಿ ಲಾರಿ ಉರುಳಿ ಸತ್ತ. ಮಗು ನೋಡಬಾರದು ಎಂದು ದೊಡ್ಡವರು ಅವಳನ್ನು ಗಾದಿಗನೂರಿನ ಸೋದರಮಾವನ ಮನೆಗೆ ಸಾಗಿಸಿದರು. ಕರೆತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಪ್ಪ ಎಲ್ಲಿ ಎಂದರೆ ದೂರದ ಊರಿಗೆ ಲೋಡ್ ಒಯ್ದಿದ್ದಾನೆ ಎಂದರು. ಆಮೇಲೆ ಯಾವುದೋ ಜಗಳದ ನಡುವೆ ಯಾರೋ ಬಾಯಿ ಬಿಟ್ಟರು. ಅಂದಿನಿಂದ ಹುಡುಗಿ ಮಾತು ನಿಲ್ಲಿಸಿದಳು. ಶಾಲೆಗೆ ಹೋಗುತ್ತಾಳೆ, ಬರೆಯುತ್ತಾಳೆ, ಊಟ ಮಾಡುತ್ತಾಳೆ. ಬಾಯಿ ಮಾತ್ರ ಬಿಡುವುದಿಲ್ಲ. ತಾಯಿ ಈರಮ್ಮ ಕಂಡ ಕಂಡ ದೇವರಿಗೆ ಹರಕೆ ಹೊತ್ತಿದ್ದಳು.

ಪ್ರತಿ ಗುರುವಾರ ಅಲ್ಲಿಗೆ ಹೋಗುತ್ತಿದ್ದವಳು ನಮ್ಮ ನಾಗವೇಣಿ. ಸಮಾಜಕಾರ್ಯದಲ್ಲಿ ಎಂ.ಎ. ಓದಿದವಳು, ಬಾಯಿ ಜೋರು, ಸದಾ ಬಸ್ಸು ತಪ್ಪಿಸಿಕೊಳ್ಳುವವಳು. ಕೆಳಗಿನ ಅಂಗಡಿಯ ಮಿರ್ಚಿ ಕಟ್ಟಿಸಿಕೊಳ್ಳದೆ ಎಲ್ಲಿಗೂ ಹೊರಡುತ್ತಿರಲಿಲ್ಲ, ಹಾಗಾಗಿ ಬಸ್ಸು ತಪ್ಪುತ್ತಿತ್ತು. ಅವಳು ಅಲ್ಲಿ ಹೋಗಿ ಭಾರಿ ಚಿಕಿತ್ಸೆಯನ್ನೇನೂ ಮಾಡಲಿಲ್ಲ. ಹುಡುಗಿಯ ಪಕ್ಕ ಕಟ್ಟೆಯ ಮೇಲೆ ಕೂತು ತಾನೇ ಎಲ್ಲ ಮಾತಾಡಿ, ಮಿರ್ಚಿ ತಿಂದು, ಎದ್ದು ಬರುತ್ತಿದ್ದಳು. ಹೀಗೆ ಒಂದು ಬೇಸಿಗೆ ಪೂರ್ತಿ. ಮಳೆ ಹಿಡಿದ ಒಂದು ಗುರುವಾರ ಬಸ್ಸು ಕೆಟ್ಟು, ಸಂಜೆಯ ಹೊತ್ತಿಗೆ ತೊಯ್ದುಕೊಂಡು ಹೋದಳಂತೆ. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

'ಯಾಕ ಇಷ್ಟೊತ್ತು ಮಾಡಿದಿ?'

ಅದೇ ಮೊದಲ ಮಾತು. ನಾಗವೇಣಿ ಮರುದಿನ ಕಚೇರಿಯಲ್ಲಿ ಇದನ್ನು ಹೇಳುವಾಗ ಕುಣಿದಾಡಿಬಿಟ್ಟಳು. 'ಬೈದ್ಲು ಮೇಡಂ ನನಗ! ನಮ್ಮ ಅತ್ತಿನೂ ಹಂಗ ಬೈದಿಲ್ಲ!' ಆಮೇಲೆ ಗುರುವಾರಗಳಲ್ಲಿ ಆ ಹುಡುಗಿ ಅಕ್ಕ ಅಕ್ಕ ಎಂದು ಅವಳೊಂದಿಗೆ ಮಾತಾಡತೊಡಗಿದಳು. ಬೇರೆ ಯಾರೊಂದಿಗೂ ಅಲ್ಲ, ಅವಳೊಂದಿಗೆ ಮಾತ್ರ. ಇರಲಿ, ಒಂದು ಬಾಗಿಲು ತೆರೆಯಿತಲ್ಲ, ಉಳಿದವು ನಿಧಾನವಾಗಿ ತೆರೆಯುತ್ತವೆ ಎಂದುಕೊಂಡೆವು.

ಆಗ ಬಂತು ಇವರ ಬದಲಿ ಪದ್ಧತಿ.

ಅದರ ಹಿಂದೆ ಒಂದು ಕಥೆ ಇತ್ತು. ಯುದ್ಧ ನಡೆಯುತ್ತಿದ್ದ ಒಂದು ದೇಶದಲ್ಲಿ ಇವರು ಕೆಲಸ ಮಾಡುತ್ತಿದ್ದಾಗ, ಪರಿಸ್ಥಿತಿ ಕೆಟ್ಟು, ಸಿಬ್ಬಂದಿಯನ್ನೆಲ್ಲ ಒಂದೇ ಬೆಳಿಗ್ಗೆ ಗಾಡಿ ಹತ್ತಿಸಿ ಕಳಿಸಿದರಂತೆ. ಶಿಬಿರದ ಒಂದು ಮಗು ಇವರ ಗಾಡಿಯ ಹಿಂದೆ ಬಹಳ ದೂರ ಓಡಿಬಂತಂತೆ. ಪ್ರತಿ ತರಬೇತಿಯಲ್ಲೂ ಈ ಕಥೆ ಇರುತ್ತಿತ್ತು, ಪ್ರತಿ ಸಲವೂ ಅವರ ದನಿ ಅದೇ ಜಾಗದಲ್ಲಿ ನಡುಗುತ್ತಿತ್ತು. ಕಥೆ ನಿಜವೇ ಇರಬೇಕು. ಆ ಮಗು ಓಡಿದ್ದು ಇವರ ತಪ್ಪೂ ಅಲ್ಲ. ಆದರೆ ಅದರಿಂದ ಈ ಮನುಷ್ಯ ಕಲಿತ ಪಾಠ ನೋಡಿ: ಇನ್ನು ಮುಂದೆ ಯಾವ ಮಗುವೂ ಯಾರ ಹಿಂದೆಯೂ ಓಡದ ಹಾಗೆ ಮಾಡಬೇಕು! ಅದಕ್ಕೇ ಎಲ್ಲ ದೇಶಗಳಿಗೂ ಒಂದೇ ನಿಯಮ. ಮೂರು ತಿಂಗಳಿಗೊಮ್ಮೆ ಕಾರ್ಯಕರ್ತರ ಜಾಗ ಬದಲಾಗಬೇಕು. ಹೋದವರು ಆ ಮಗುವನ್ನು ಮತ್ತೆ ಕಾಣಬಾರದು. ಎಲ್ಲಿಗೆ ಹೋದರು ಎಂದೂ ಮಗುವಿಗೆ ಹೇಳಬಾರದು, ಹೇಳಿದರೆ ನಿರೀಕ್ಷೆ ಹುಟ್ಟುತ್ತದೆ.

'ಮಗು ಕಾರ್ಯಕ್ರಮಕ್ಕ ಅಂಟಿಕೋಬೇಕು, ಮನುಷ್ಯರಿಗಲ್ಲ' ಎಂದರು ಸಭೆಯಲ್ಲಿ, ಎದೆಯ ಮೇಲೆ ಕೈ ಇಟ್ಟುಕೊಂಡು. ಈ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ನನಗೆ ಹೇಳಿದರು. ನನಗೆ ಕೈ ಬರಲಿಲ್ಲ. ಬೇರೆ ಯಾರಿಂದಲೋ ಬರೆಸಿದರು.

ನಾಗವೇಣಿ ಎದ್ದು ನಿಂತಳು. 'ಸರ್, ಅಲ್ಲಿ ಯುದ್ಧ ಇತ್ತು, ಓಡಿಹೋಗಬೇಕಾಗಿತ್ತು, ಹೋದ್ರಿ. ಇಲ್ಲಿ ಯಾರು ಓಡಿಹೋಗ್ತಾರ್ರೀ? ನನ್ನ ಗಂಡನ ಮನಿ ಇಲ್ಲೇ ಐತಿ, ತವರುಮನಿ ಇಲ್ಲೇ ಐತಿ. ನಾ ಓಡಿಹೋಗ್ತೀನಂದ್ರೂ ನಮ್ಮತ್ತಿ ಬಿಡಂಗಿಲ್ಲ.'

ಎಲ್ಲರೂ ನಕ್ಕರು. ಅವರು ನಗುವ ಮುಖ ಮಾಡಿ ಹೇಳಿದರು: 'ನಾಗವೇಣಿಯವರ, ನೀವು ಆ ಮಗುವಿಗೆ ಅನಿವಾರ್ಯ ಆಗೀರಿ. ಅದು ನಿಮಗ ಖುಷಿ ಕೊಡತೈತಿ. ಆ ಖುಷಿ ಯಾರದು ಅಂತ ಒಮ್ಮೆ ಕೇಳಿಕೊಳ್ರಿ.'

ಎಂಥ ಮಾತು! ಹೆಂಗಸಿನ ಬಾಯಿ ಮುಚ್ಚಿಸಲು ಇದಕ್ಕಿಂತ ಸಭ್ಯವಾದ ಮಾತು ಸಿಗಲಿಕ್ಕಿಲ್ಲ. ಅವಳು ಕೂತುಬಿಟ್ಟಳು. ನಾಗವೇಣಿಯನ್ನು ಕಂಪ್ಲಿಗೆ ಹಾಕಿದರು. ಕಂಪ್ಲಿಯ ಕೆಲಸದಲ್ಲಿದ್ದ ಹುಡುಗ ವಡ್ಡುವಿಗೆ ಬಂದ. ಅವನೂ ಒಳ್ಳೆಯವನೇ, ಆದರೆ ಅವನು ಬಂದ ಮೊದಲ ಗುರುವಾರವೇ ಹುಲಿಗೆಮ್ಮ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವನಾದ ಮೇಲೆ ಹೊಸಪೇಟೆಯಿಂದ ಇನ್ನೊಬ್ಬಳು. ಬಾಯಿ ಮತ್ತೆ ಮುಚ್ಚಿತು, ಈ ಸಲ ಊಟವೂ ಕಡಿಮೆಯಾಯಿತು.

ಈರಮ್ಮ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಕಚೇರಿಗೆ ಬಂದಳು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಸೆರಗಿನಲ್ಲಿ ಮುಖದ ಕೆಂಧೂಳು ಒರೆಸಿಕೊಂಡು ಅವರ ಮುಂದೆ ನಿಂತಳು.

'ಸಾಹೇಬ್ರ, ಆಯಮ್ಮನ್ನ ಕಳಸ್ರಿ. ಗುರುವಾರ ಬಂತಂದ್ರ ನನ್ನ ಮಗಳು ಬಾಗಲಾಗ ಕುಂದರತಾಳ. ಕತ್ತಲಾದ್ರೂ ಏಳಂಗಿಲ್ಲ. ಹೊಸಬ್ರು ಬಂದ್ರ ಒಳಗ ಹೋಗ್ತಾಳ. ಉಣ್ಣಂಗಿಲ್ಲ.'

'ಕುಂದ್ರಮ್ಮ' ಎಂದರು ಇವರು. ಕೈ ಎದೆಗೆ ಹೋಯಿತು. 'ನೋಡಮ್ಮ, ಇದು ಒಳ್ಳೇ ಲಕ್ಷಣ. ಆಕಿ ಅಗಲಿಕೆಯನ್ನ ಅನುಭವಿಸ್ತಿದಾಳ. ಅನುಭವಿಸಲಿ. ಆಮ್ಯಾಲ ಗಟ್ಟಿ ಆಗ್ತಾಳ.'

ಈರಮ್ಮ ನನ್ನ ಮುಖ ನೋಡಿದಳು, ಇವರು ಹೇಳಿದ್ದು ಬೇರೆ ಯಾವುದೋ ಭಾಷೆ, ನಾನು ತಿಳಿಯುವಂತೆ ಹೇಳುತ್ತೇನೆ ಎಂಬಂತೆ. 'ಕಳಸಂಗಿಲ್ಲ ಅಂತಾರವ್ವ' ಎಂದೆ. ಅವಳು ಕೈ ಮುಗಿದು ಹೋದಳು.

ಆ ಚಳಿಗಾಲದಲ್ಲಿ ಹೊರದೇಶದ ಅತಿಥಿಗಳು ಬಂದರು. ಬೆಳಿಗ್ಗೆ ಹಂಪಿ, ಮಧ್ಯಾಹ್ನ ವಡ್ಡು. ದುಃಖವನ್ನೂ ಕಲ್ಲಿನ ಮಂಟಪಗಳನ್ನೂ ಒಂದೇ ಕಾರಿನಲ್ಲಿ ತೋರಿಸಿ ಮುಗಿಸುವ ವ್ಯವಸ್ಥೆ ಅದು. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ದುಂಡಗೆ ನಿಲ್ಲಿಸಿ, ಎಲ್ಲ ದೇಶಗಳಲ್ಲೂ ಮಾಡಿಸುವ ಉಸಿರಾಟದ ಅಭ್ಯಾಸ ಶುರುಮಾಡಿದರು. ಕಾಂಪೌಂಡಿನ ಆಚೆ ಸಾಲುಗಟ್ಟಿ ಲಾರಿಗಳು ಹೋಗುತ್ತಿವೆ; ಗಿಡಮರ, ಗೋಡೆ, ಮಕ್ಕಳ ತಲೆ ಎಲ್ಲ ಅದಿರಿನ ಧೂಳಿಗೆ ಕೆಂಪು. 'ಕಣ್ಣು ಮುಚ್ರಿ. ಉದ್ದಕ ಉಸಿರು ತಗೊಳ್ರಿ. ಶಾಂತಿ ಒಳಗ ಬರ್ಲಿ' ಎಂದರು. ಉಸಿರು ಎಳೆದ ಮಕ್ಕಳು ಸಾಲಾಗಿ ಕೆಮ್ಮತೊಡಗಿದವು. ಅತಿಥಿಗಳೂ ಕೆಮ್ಮಿದರು. ಕಡೆಗೆ ಇವರೂ ಕೆಮ್ಮಿದರು, ಆದರೂ ಕೈಸನ್ನೆಯಲ್ಲಿ, ಮುಂದುವರಿಸಿ, ಮುಂದುವರಿಸಿ ಎನ್ನುತ್ತಲೇ ಇದ್ದರು.

ಆಮೇಲೆ ಹುಲಿಗೆಮ್ಮನನ್ನು ಕರೆಸಿದರು. ಅಪ್ಪ ತೀರಿಕೊಂಡ ಮೇಲೆ ಮಾತು ಬಿಟ್ಟ ಮಗು ಎಂದು ಅತಿಥಿಗಳಿಗೆ ಕಾರಿನಲ್ಲೇ ಹೇಳಿದ್ದರು. ಹುಡುಗಿ ಸೊರಗಿಹೋಗಿದ್ದಳು. ಇವರು ಮಂಡಿಯೂರಿದರು. ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಇಷ್ಟು ಹತ್ತಿರಕ್ಕೆ ಬಂದ ದೊಡ್ಡ ಮನುಷ್ಯನಿಗೆ ಗೊತ್ತಿರಲೇಬೇಕು ಎಂದುಕೊಂಡಳೋ ಏನೋ, ಸಣ್ಣ ದನಿಯಲ್ಲಿ, ಸ್ಪಷ್ಟವಾಗಿ ಕೇಳಿದಳು:

'ಅಕ್ಕನೂ ಸತ್ತಾಳೇನ್ರಿ?'

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬರುತ್ತಿದ್ದವರು ಒಂದು ದಿನ ಬರುವುದನ್ನು ನಿಲ್ಲಿಸುತ್ತಾರೆ, ಎಲ್ಲಿ ಎಂದರೆ ದೊಡ್ಡವರು ನಿಜ ಹೇಳುವುದಿಲ್ಲ. ಅಪ್ಪನ ವಿಷಯದಲ್ಲಿ ಅದರ ಅರ್ಥ ಏನೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಇಷ್ಟು ತಿಂಗಳು ಈ ಮಗು ಬಾಗಿಲಲ್ಲಿ ಕೂತು ಎರಡನೆಯ ಸಾವನ್ನು ಒಬ್ಬಳೇ ಹೊತ್ತುಕೊಂಡಿತ್ತು.

ಇವರು ಏನು ಮಾಡಿದರು ಗೊತ್ತೇ? ಮುಖ ಅರಳಿಸಿಕೊಂಡು ಅತಿಥಿಗಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ, 'ಮಾತಾಡಿದಳು! ನೀವೇ ನೋಡಿದಿರಿ, ಮಾತಾಡಿದಳು!' ಎಂದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಮಗು ಏನು ಕೇಳಿತು ಎಂದು ಅವರ್ಯಾರಿಗೂ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಇದೇ ನೆಲದಲ್ಲಿ ಹುಟ್ಟಿದವರು, ಇದೇ ಮಾತು ಕಲಿತವರು, ಕಿವಿಯಾರೆ ಕೇಳಿಸಿಕೊಂಡವರು. ಉತ್ತರ ಮಾತ್ರ ಕೊಡಲಿಲ್ಲ. ಹುಡುಗಿ ಚಪ್ಪಾಳೆಯ ನಡುವೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು.

ನಾನು ಮುಂದೆ ಹೋಗಿ, 'ಇಲ್ಲವ್ವ. ಜೀವಂತ ಅದಾಳ. ಕಂಪ್ಲ್ಯಾಗ ಅದಾಳ ನಿಮ್ಮಕ್ಕ' ಎಂದೆ.

'ಮೇಡಂ, ಬ್ಯಾಡ್ರಿ' ಎಂದರು ಇವರು ಹಲ್ಲು ಕಚ್ಚಿಕೊಂಡು. 'ನಿರೀಕ್ಷೆ ಹುಟ್ಟಸಬ್ಯಾಡ್ರಿ.'

ಅವತ್ತು ಸಂಜೆಯೇ ನಾಗವೇಣಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಭಾನುವಾರ ಇಬ್ಬರೂ ಬಸ್ಸು ಹತ್ತಿ ವಡ್ಡುವಿಗೆ ಹೋದೆವು. ಮಿರ್ಚಿ ಕಟ್ಟಿಸಿಕೊಳ್ಳುವುದನ್ನು ಅವಳು ಆಗಲೂ ಮರೆಯಲಿಲ್ಲ. ಹುಲಿಗೆಮ್ಮ ಬಾಗಿಲಲ್ಲಿದ್ದಳು. ನಮ್ಮನ್ನು ಕಂಡು ಓಡಿ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಎದ್ದು ನಿಂತು, ನಾಗವೇಣಿಯ ಕೈ, ತೋಳು, ಕೆನ್ನೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸೊಂಟಕ್ಕೆ ಕೈ ಹೋಯಿತು.

'ಯಾಕ ಇಷ್ಟೊತ್ತು ಮಾಡಿದಿ?'

'ಬಸ್ ಸಿಗಲಿಲ್ಲಲೇ' ಎಂದಳು ನಾಗವೇಣಿ, ಮತ್ತು ಅಲ್ಲೇ ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತಳು. ಆಮೇಲೆ ಅವಳು ಸಂಸ್ಥೆಯನ್ನು ಬಿಟ್ಟಳು, ವಡ್ಡುವನ್ನು ಬಿಡಲಿಲ್ಲ. ಈಗಲೂ ಹೋಗುತ್ತಾಳೆ. ಹುಲಿಗೆಮ್ಮ ಸಂಡೂರಿನ ಹೈಸ್ಕೂಲಿನಲ್ಲಿದ್ದಾಳೆ, ಪಾಠದ ನಡುವೆ ಮಾತಾಡುತ್ತಾಳೆ ಎಂದು ಮೇಷ್ಟ್ರಿಂದ ಬೈಸಿಕೊಳ್ಳುತ್ತಾಳಂತೆ. ಆ ಸುದ್ದಿ ಕೇಳಿದ ದಿನ ನಾನು ಬೀದಿಗೆಲ್ಲ ಪೇಡೆ ಹಂಚಬೇಕೆಂದುಕೊಂಡಿದ್ದೆ.

ಇವರು ಮಾತ್ರ ಅದೇ ಹುಡುಗಿಯ ಫೋಟೋ, ಮುಖ ಮಸುಕು ಮಾಡಿ, ದೇಶ ದೇಶಗಳ ಸಭೆಗಳಲ್ಲಿ ತೋರಿಸಿದರು. ಬದಲಿ ಪದ್ಧತಿಯಿಂದ ಗಟ್ಟಿಯಾಗಿ, ಮರಳಿ ಮಾತಾಡಿದ ಮಗು ಎಂದು. ಆ ಸಾಲುಗಳನ್ನೂ ಕನ್ನಡಕ್ಕೆ ತರಲು ನನಗೇ ಕೊಟ್ಟರು. ನಾನೂ ಮರುವಾರ ರಾಜೀನಾಮೆ ಕೊಟ್ಟು ಹೊರಬಿದ್ದೆ.

ಈಗ ಬೀಳ್ಕೊಡುಗೆಗೆ ಬರೋಣ. ಅಂದು ಪರದೆಯ ಮೇಲೆ ಬಹಳ ಮುಖಗಳಿದ್ದವು, ಆದರೆ ಇವರನ್ನು ಬಲ್ಲ ಮುಖ ಒಂದೂ ಇರಲಿಲ್ಲ. ಬದಲಿ ಪದ್ಧತಿ ಮೇಲಿನವರೆಗೂ ಹಬ್ಬಿತ್ತು. ಎಲ್ಲ ಕಚೇರಿಗಳಲ್ಲೂ ಯಾರೂ ಒಂದು ಜಾಗದಲ್ಲಿ ಉಳಿದಿರಲಿಲ್ಲ. ಭಾಷಣ ಮಾಡಿದವರೆಲ್ಲ ಇವರ ಹೆಸರನ್ನು ಕೆಳಗೆ ನೋಡಿ ಓದಿ ಹೇಳಿದರು. ಇವರು ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಕಣ್ಣು ಹಾಯಿಸುತ್ತ ಯಾರನ್ನೋ ಹುಡುಕುತ್ತಿದ್ದರು. ನನ್ನ ಸರದಿ ಬಂದಾಗ, 'ಅರೇ, ಮೇಡಂ!' ಎಂದು ಕೂಗಿಯೇಬಿಟ್ಟರು.

ಮಾರನೆಯ ದಿನ ಫೋನ್ ಬಂತು. ಹೊಸಪೇಟೆಯಲ್ಲೇ ಇದ್ದಾರಂತೆ. ಮಂಡಿ ಪೂರ್ತಿ ಹೋಗಿದೆಯಂತೆ, ಮೆಟ್ಟಿಲು ಇಳಿಯಲಾಗುವುದಿಲ್ಲವಂತೆ. ಅದೂ ಇದೂ ಮಾತಾಡಿದರು. ದನಿ ನಡುಗುತ್ತಿತ್ತು, ಈ ಸಲ ಎಲ್ಲೆಲ್ಲೋ ನಡುಗುತ್ತಿತ್ತು.

'ಮೇಡಂ, ಇಡೀ ದಿನ ಮಾತಾಡಾಕ ಯಾರೂ ಇಲ್ರಿ. ವಾರಕ್ಕೊಮ್ಮೆ ಬಂದು ಹೋಗ್ರಿ. ಬ್ಯಾರೆಯವ್ರನ್ನ ಕಳಸಬ್ಯಾಡ್ರಿ, ನೀವೇ ಬರ್ರಿ.'

ಪಾಪ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಅನ್ನಿಸಿತು. ಆಮೇಲೆ ಚಪ್ಪಾಳೆಯ ನಡುವೆ ಒಬ್ಬೊಬ್ಬರ ಮುಖ ನೋಡುತ್ತ ನಿಂತ ಹುಡುಗಿ ಕಣ್ಣ ಮುಂದೆ ಬಂದಳು.

'ನೋಡೋಣ್ರಿ ಸರ್' ಎಂದೆ. 'ಯಾರಾದ್ರೂ ಬರ್ತಾರ.'

'ಯಾರಾದ್ರೂ ಅಂದ್ರ? ಯಾರ್ರೀ ಮೇಡಂ?'

'ಅದನ್ನ ಹೇಳಬಾರ್ದಲ್ರೀ ಸರ್, ನಿರೀಕ್ಷೆ ಹುಟ್ಟತೈತಿ' ಎಂದು ಫೋನ್ ಇಟ್ಟೆ.